ಸಡಾದ ಕೈಮಾತಿನ ಶಾಲೆ

ದಸರಾ ರಜೆ ಶುರುವಾದ ಮರುದಿನ ಬೆಳಿಗ್ಗೆ ಧಾರವಾಡ ಸ್ಟೇಶನ್ನಿನಲ್ಲಿ ವಾಸ್ಕೋ ಗಾಡಿ ಹತ್ತಿದೆ. ಕೈಯಲ್ಲಿ ಒಂದೇ ಚೀಲ. ಅದರಲ್ಲಿ ನಾಲ್ಕು ಸೀರೆ, ಕಟಕ ರೊಟ್ಟಿ, ಶೇಂಗಾ ಚಟ್ನಿ, ನಮ್ಮ ಶಾಲೆಯಲ್ಲಿ ಬಳಸುವ ಚಿತ್ರದ ಕಾರ್ಡುಗಳ ಒಂದು ಕಟ್ಟು. ಬಿಡಲು ಬಂದಿದ್ದ ನನ್ನ ತಮ್ಮ ಚೀಲದೊಳಗೆ ಇಣುಕಿ, "ಗೋವಾಕ್ಕ ಹೋಗೋರು ಯಾರರ ಇಂಥಾ ಸಾಮಾನು ಒಯ್ತಾರೇನಕ್ಕಾ?" ಎಂದು ನಕ್ಕ.

ನಾನು ಧಾರವಾಡದ ಅಂಚಿನಲ್ಲಿರುವ ಒಂದು ವಸತಿ ಶಾಲೆಯಲ್ಲಿ ಕಿವಿ ಕೇಳಿಸದ ಮಕ್ಕಳಿಗೆ ಪಾಠ ಹೇಳುವವಳು. ತಿಂಗಳ ಹಿಂದೆ ನನಗೆ ವಾಸ್ಕೋದಿಂದ ಒಂದು ಫೋನ್ ಬಂದಿತ್ತು. ಮಾತಾಡಿದವನು ಯಮನಪ್ಪ. ಊರು ಸಿಂದಗಿ ಕಡೆ. ಬಂದರಿನಲ್ಲಿ ಹೇರುವ, ಇಳಿಸುವ ಕೆಲಸ. ಹೆಂಡತಿ, ಮಗಳೊಂದಿಗೆ ಬಂದರಿನ ಮೇಲಿನ ಗುಡ್ಡದ ಸಡಾ ಎಂಬಲ್ಲಿ ಮನೆ. ಮಗಳು ಭಾಗ್ಯಾಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಮನೆ ಹತ್ತಿರದ ಸರಕಾರಿ ಶಾಲೆಯಲ್ಲಿ ಮೂರನೆಯ ಇಯತ್ತೆ. ನಮ್ಮ ಶಾಲೆಗೆ ಸೇರಿಸಬೇಕೆಂದು ಅವನಿಗೆ ಆಸೆ.

"ಹಂಗಾದ್ರ ಕರ್ಕೊಂಡ ಬರ್ರಿ" ಎಂದಿದ್ದೆ.

"ಇಕಿ ಅವ್ವ ಒಪ್ಪವಲ್ಲಳ್ರಿ ಅಕ್ಕೋರ. ನಾ ಹೇಳಿ ಹೇಳಿ ಸಾಕಾಗೇತಿ. ನೀವ ಒಮ್ಮಿ ಬಂದು ತಿಳಿಸಿ ಹೇಳ್ರಿ. ನಿಮ್ಮಂಥೋರು ಹೇಳಿದ್ರ ಕೇಳಬಹುದು."

ಇಂಥ ಮಾತಿಗೆ ನಾನು ಊರು ಬಿಟ್ಟು ಹೋದವಳಲ್ಲ. ಆದರೆ ಗೋವಾ ನೋಡಿರಲಿಲ್ಲ, ರಜೆ ಬಂದಿತ್ತು, ಮತ್ತು ಏನು ಹೇಳಬೇಕೆಂಬುದು ನನಗೆ ಬಾಯಿಪಾಠವಾಗಿತ್ತು. ಕೇಳುವ ಮಕ್ಕಳ ಶಾಲೆಯಲ್ಲಿ ಕೇಳದ ಮಗು ಹಿಂದಿನ ಸಾಲಿನಲ್ಲಿ ಕೂತು ವರ್ಷಗಳನ್ನು ಕಳೆಯುತ್ತದೆ. ಬೋರ್ಡಿನ ಅಕ್ಷರಗಳನ್ನು ಚಂದವಾಗಿ ನಕಲು ಮಾಡುತ್ತದೆ, ಒಂದರ ಅರ್ಥವೂ ತಿಳಿಯದೆ. ಹಾಗೆ ಹತ್ತು ಹನ್ನೆರಡು ವರ್ಷದವರೆಗೆ ಕೂತು, ಯಾವ ಭಾಷೆಯೂ ಇಲ್ಲದೆ ನಮ್ಮಲ್ಲಿಗೆ ಬಂದ ಮಕ್ಕಳನ್ನು ಬಹಳ ನೋಡಿದ್ದೇನೆ. ಭಾಗ್ಯಾಳ ತಾಯಿಗೆ ಇದನ್ನೇ ಹೇಳಿ, ಎರಡು ದಿನ ಸಮುದ್ರ ನೋಡಿ ಮರಳುವುದು ನನ್ನ ಯೋಚನೆ.

ಡಬ್ಬಿಯಲ್ಲಿ ನನ್ನೆದುರು ಗದಗಿನ ಒಬ್ಬ ಹೆಂಗಸು ಇಬ್ಬರು ಹೆಣ್ಣುಮಕ್ಕಳೊಂದಿಗೆ ಕೂತಿದ್ದಳು. ಗಂಡ ಗೋಡೆ ಕಟ್ಟುವ ಗೌಂಡಿ, ಮಡಗಾಂವದ ಫಾತೋರ್ಡಾದಲ್ಲಿ ಮನೆ, ತವರಿಗೆ ಬಂದು ಹೊರಟಿದ್ದರು. ಅಳ್ನಾವರ ದಾಟುವವರೆಗೂ ಮೂವರ ಬಾಯಲ್ಲಿ ಗದಗಿನ ಕನ್ನಡ. ಲೋಂಡಾ ಬಿಟ್ಟ ಮೇಲೆ ಹುಡುಗಿಯರಿಬ್ಬರೂ ಕಿಟಕಿಗೆ ಮುಖ ಹಚ್ಚಿ ತಮ್ಮತಮ್ಮಲ್ಲೇ ಹಿಂದಿಯಲ್ಲಿ ಮಾತಿಗಿಳಿದರು, ನಡುನಡುವೆ ಕೊಂಕಣಿ. ತಾಯಿ ನನ್ನತ್ತ ಬಾಗಿ, "ನೋಡ್ರಿ, ಹವಾ ಬದಲಾತು. ಇಲ್ಲಿಂದ ಮುಂದ ಇವಕ್ಕ ನಾ ಹೊರಗಿನಾಕಿ" ಎಂದು ನಕ್ಕಳು. ನಾನೂ ನಕ್ಕೆ.

ಕ್ಯಾಸಲ್‌ರಾಕ್‌ನಲ್ಲಿ ಗಾಡಿ ಬಹಳ ಹೊತ್ತು ನಿಂತಿತು. ಘಟ್ಟ ಇಳಿಯುವಾಗ ಹಿಡಿತಕ್ಕೆಂದು ಹೆಚ್ಚಿನ ಎಂಜಿನ್ನುಗಳನ್ನು ಜೋಡಿಸಿದರು. ಆಮೇಲೆ ಸುರಂಗ, ಹಸಿರು, ಮತ್ತೆ ಸುರಂಗ. ಮಳೆಗಾಲ ಆಗಷ್ಟೇ ಮುಗಿದಿದ್ದರಿಂದ ದೂಧಸಾಗರ ಮೈತುಂಬಿ ಬೀಳುತ್ತಿತ್ತು. ಡಬ್ಬಿಯ ಜನವೆಲ್ಲ ಒಂದೇ ಕಡೆಯ ಕಿಟಕಿಗಳಿಗೆ ಮುಗಿಬಿದ್ದರು. ನೀರಿನ ತುಂತುರು ಒಳಗೆ ಬಂದು ನನ್ನ ಕನ್ನಡಕ ಮಸುಕಾಯಿತು. ಕುಳೆಂ ತಲುಪುವಷ್ಟರಲ್ಲಿ ತಂಪೆಲ್ಲ ಹೋಗಿ ಬೆವರು ಶುರು. ಅಲ್ಲಿ ವಡಾಪಾವ್ ತಿಂದು ಚಹಾ ಕುಡಿದೆ. ಮಡಗಾಂವದಲ್ಲಿ ಗದಗಿನವಳು ಇಳಿದುಹೋದಳು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಹಳಿ ಮುಗಿದು ವಾಸ್ಕೋ ಬಂತು.

ಯಮನಪ್ಪ ಪ್ಲಾಟ್‌ಫಾರ್ಮಿನಲ್ಲೇ ನಿಂತಿದ್ದ. ಚೀಲ ಕಸಿದುಕೊಂಡು ಸಡಾ ಬಸ್ಸಿಗೆ ಹತ್ತಿಸಿದ. ಪುಟ್ಟ ಬಸ್ಸು, ತುಂಬ ಜನ. ಟಿಕೀಟು ನನಗೆ ತೆಗೆಯಗೊಡಲಿಲ್ಲ. ಬಸ್ಸಿನಲ್ಲಿ ಕನ್ನಡ ಎಷ್ಟು ಕೇಳಿಸಿತೆಂದರೆ ಧಾರವಾಡದ ಸಿಟಿ ಬಸ್ಸಿನಲ್ಲಿ ಕೂತಂತಿತ್ತು. ರಸ್ತೆ ಗುಡ್ಡ ಏರಿದಂತೆ ಕೆಳಗೆ ಬಂದರು ತೆರೆದುಕೊಂಡಿತು. ಕ್ರೇನುಗಳು, ಕಲ್ಲಿದ್ದಲ ರಾಶಿ, ಅದರಾಚೆ ಲಂಗರು ಹಾಕಿದ ಹಡಗುಗಳು.

"ಅದರಾಗ ಒಂದನ್ನ ಇವತ್ತ ಮುಂಜಾನಿ ನಾವ ಖಾಲಿ ಮಾಡೇವ್ರಿ" ಎಂದು ಯಮನಪ್ಪ ತೋರಿಸಿದ. ಯಾವುದೆಂದು ನನಗೆ ತಿಳಿಯಲಿಲ್ಲ.

ಇಳಿಜಾರಿಗೆ ಅಂಟಿಕೊಂಡ ಸಾಲುಮನೆಗಳಲ್ಲಿ ಅವನದೊಂದು. ಮುಂದೆ ತಗಡಿನ ಚಪ್ಪರ, ಅದರಡಿ ಒಲೆ. ಅವನ ಹೆಂಡತಿ ನೀಲವ್ವ ರೊಟ್ಟಿ ಬಡಿಯುತ್ತಿದ್ದಳು. ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿಕೊಡುವುದು ಅವಳ ದುಡಿಮೆ. "ಬರ್ರಿ" ಎಂದಳು. ಎದ್ದು ನೀರು ಕೊಟ್ಟಳು. ಆಮೇಲೆ ಕೇಳಿಯೇಬಿಟ್ಟಳು: "ನನ್ನ ಮಗಳನ್ನ ಒಯ್ಯಾಕ ಬಂದೀರಿ?"

"ಒಯ್ಯಾಕ ಅಲ್ಲವಾ. ಮಾತಾಡಾಕ ಬಂದೇನಿ."

"ಮಾತಾಡೋದು ಆಮ್ಯಾಲ. ಮೊದಲ ಸಾಲಿಗೆ ಹೋಗಿ ನೋಡ್ರಿ. ಅಲ್ಲಿ ಅಕಿ ಹೆಂಗ ಅದಾಳ ಅಂತ ನಿಮ್ಮ ಕಣ್ಣಿಂದ ನೋಡ್ರಿ."

ಭಾಗ್ಯಾ ಅಷ್ಟರಲ್ಲಿ ಹೊರಗಿನಿಂದ ಓಡಿಬಂದಳು. ತೆಳ್ಳನೆಯ ಹುಡುಗಿ, ಬಿಗಿದು ಕಟ್ಟಿದ ಎರಡು ಜಡೆ, ಒಂದರ ರಿಬ್ಬನ್ನಿನ ತುದಿ ಬಾಯಲ್ಲಿ. ನನ್ನನ್ನು ಮೇಲಿಂದ ಕೆಳಗೆ ನೋಡಿ ತಾಯಿಯತ್ತ ಹುಬ್ಬೇರಿಸಿದಳು. ನೀಲವ್ವ ಹಿಟ್ಟಿನ ಕೈಯಲ್ಲೇ ಗಾಡಿಯ ಚಕ್ರ ತಿರುಗಿಸಿ, ದೂರ ತೋರಿಸಿ, ಪುಸ್ತಕ ತೆರೆದಂತೆ ಅಂಗೈ ಬಿಡಿಸಿದಳು. ಗಾಡಿಯಲ್ಲಿ ದೂರದಿಂದ ಬಂದ ಟೀಚರ್ ಎಂದರ್ಥ. ಹುಡುಗಿ ತಲೆಯಾಡಿಸಿದಳು. ಶಿಬಿರವೊಂದರಲ್ಲಿ ಕೊಟ್ಟ ಕಿವಿಯ ಮಷೀನು ಡಬ್ಬಿಯಲ್ಲೇ ಇತ್ತು. ಹಾಕಿದರೆ ಕುಯ್ಯೆನ್ನುತ್ತದೆ, ಕೇಳಿಸುವುದೇನೂ ಇಲ್ಲವೆಂದು ಯಮನಪ್ಪ ಹೇಳಿದ.

ಮರುದಿನ ಬೆಳಿಗ್ಗೆ ಅವನು ನನ್ನನ್ನು ಶಾಲೆಗೆ ಕರೆದೊಯ್ದ. ಗೋವಾದಲ್ಲಿ ದಸರೆಗೆ ನಮ್ಮಂತೆ ಉದ್ದ ರಜೆಯಿಲ್ಲ. ಎರಡು ಕೋಣೆ, ಒಂದು ಜಗಲಿ, ಅಂಗಳದಲ್ಲಿ ಗೇರುಮರ. ಮರಾಠಿ ಮಾಧ್ಯಮದ ಪ್ರಾಥಮಿಕ ಶಾಲೆ. ಬಾಗಿಲಲ್ಲಿ ಟೀಚರ್ ಸುಲಕ್ಷಾ ಸಿಕ್ಕರು. ನಲವತ್ತರ ಆಸುಪಾಸು, ಮೂಗಿನ ಮೇಲಿಂದ ಜಾರುವ ಕನ್ನಡಕ.

"ಬಾ, ಬಾ. ಒಳಗ ಕೂಡು. ನೀ ನಿನ್ನಿ ಬಂದಿ ಏನು? ಚಹಾ ಕುಡೀತಿ?"

ನಾನು ಬೆಚ್ಚಿದೆ. ಯಮನಪ್ಪ ನಾಚಿ ತಲೆ ತಗ್ಗಿಸಿದ. ಆಮೇಲೆ ತಿಳಿಯಿತು: ಸುಲಕ್ಷಾ ಕಾಣಕೋಣ ಕಡೆಯವರು, ಮನೆಮಾತು ಕೊಂಕಣಿ. ತಮ್ಮ ಅಷ್ಟೂ ಕನ್ನಡವನ್ನು ಒಂದನೆಯ ಇಯತ್ತೆಯ ಮಕ್ಕಳಿಂದ ಕಲಿತಿದ್ದರು. ಆರು ವರ್ಷದವರು ಅವರಿಗೆ 'ರೀ' ಹಚ್ಚಿ ಮಾತಾಡಿರಲಿಲ್ಲ. ಹಾಗಾಗಿ ಅವರ ಕನ್ನಡದಲ್ಲಿ ಬಹುವಚನವೇ ಇರಲಿಲ್ಲ. ಉದ್ದದ ಮಾತಿಗೆ ನಾವು ಹಿಂದಿ ಹಿಡಿದೆವು. ಸಣ್ಣ ಮಾತಿಗೆ ಅವರು ಕೊನೆಯವರೆಗೂ ನನ್ನನ್ನು 'ನೀ' ಎಂದೇ ಕರೆದರು. ಎರಡನೆಯ ದಿನಕ್ಕೆ ಅದು ನನಗೆ ಹಿಡಿಸತೊಡಗಿತ್ತು.

ಹಿಂದೆ ಗೋಡೆಗೊರಗಿ ಕೂತೆ. ಮೂರನೆಯ, ನಾಲ್ಕನೆಯ ಇಯತ್ತೆಯವರು ಒಂದೇ ಕೋಣೆಯಲ್ಲಿದ್ದರು. ಪಕ್ಕದ ಹುಡುಗಿಯನ್ನು ಕನ್ನಡದಲ್ಲಿ ಮಾತಾಡಿಸಿದೆ. ಅವಳು ಉತ್ತರ ಕೊಟ್ಟಳು, ಆದರೆ ತಡವರಿಸಿ. ಅವರದು ವಿಜಯಪುರದ ತಾಂಡಾ, ಮನೆಯಲ್ಲಿ ಲಮಾಣಿ. ಕರ್ನಾಟಕದ ಮಕ್ಕಳೆಂದರೆ ಕನ್ನಡದ ಮಕ್ಕಳೆಂದು ನಾನು ಅಂದುಕೊಂಡದ್ದು ಅಲ್ಲಿಗೆ ಮುಗಿಯಿತು. ಅವಳಾಚೆ ಇಬ್ಬರು ಬಿಹಾರದವರು. ಮುಂದಿನ ಸಾಲಿನಲ್ಲಿ ಸ್ಥಳೀಯ ಮೀನುಗಾರರ ಮಕ್ಕಳು. ಭಾಗ್ಯಾಳ ಮಗ್ಗುಲಲ್ಲಿ ಮೀನಾ ಎಂಬ ಒಡಿಯಾ ಹುಡುಗಿ, ಜೂನ್‌ನಲ್ಲಿ ಬಂದವಳು. ಪಾಠ ಮರಾಠಿಯಲ್ಲಿ, ಆ ಕೋಣೆಯಲ್ಲಿ ಯಾರ ಮನೆಮಾತೂ ಮರಾಠಿಯಲ್ಲ, ಟೀಚರದ್ದೂ ಅಲ್ಲ.

ಪಾಠ ಶುರುವಾಯಿತು. ಸುಲಕ್ಷಾ ಏನೂ ಮಾತಾಡದೆ ಬೆರಳ ತುದಿಗಳಿಂದ ಏನನ್ನೋ ಚಿಟಿಕೆ ಹಿಡಿದು ಉದುರಿಸಿ ನಾಲಿಗೆ ಚಪ್ಪರಿಸಿದರು. ಕೋಣೆ ಒಮ್ಮೆಗೇ ಕೂಗಿತು. "ಉಪ್ಪು!" "ನಮಕ್!" "ಮೀಠ್!" ಲಮಾಣಿ ಹುಡುಗಿ "ಲೂಣ್" ಎಂದಳು. ಮೀನಾ ತಟ್ಟನೆ ತಿರುಗಿ, "ಲುಣ!" ಎಂದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ತಾಂಡಾದ ಹುಡುಗಿಗೂ ಒಡಿಶಾದ ಹುಡುಗಿಗೂ ಉಪ್ಪು ಒಂದೇ ಎಂದು ತಿಳಿದು ಕೋಣೆಯೆಲ್ಲ ಬೆರಗಾಯಿತು. ಆಮೇಲೆ ಸುಲಕ್ಷಾ ಮರಾಠಿ ಶಬ್ದವನ್ನು ಬೋರ್ಡಿನ ಮೇಲೆ ಬರೆದರು. ಹಾಗೆಯೇ ನೀರು, ದೋಣಿ, ಗಾಳಿ. ಎಲ್ಲಕ್ಕೂ ಮೊದಲು ಕೈ, ಆಮೇಲೆ ಅವರವರ ಮಾತು, ಕೊನೆಗೆ ಬೋರ್ಡು. ತಿಳಿಯದಿದ್ದರೆ ಮಕ್ಕಳು ಅಂಗೈಯನ್ನು ತಲೆಯ ಮೇಲಿಂದ ಹಕ್ಕಿಯಂತೆ ಹಾರಿಸುತ್ತಿದ್ದರು. ಟೀಚರ್ ಮತ್ತೆ ಹೇಳುತ್ತಿದ್ದರು.

ಈ ಕೈಗಳನ್ನೆಲ್ಲ ನಾನು ಹಿಂದಿನ ಸಂಜೆ ನೀಲವ್ವಳ ಒಲೆಯ ಮುಂದೆ ನೋಡಿದ್ದೆ. ಉಪ್ಪು ಅದೇ, ನೀರು ಅದೇ. ಬಿಡುವಿನಲ್ಲಿ ಜಗಲಿಯ ಮೇಲೆ ಪಾವ್ ಭಾಜಿ ಬಡಿಸುವಾಗ ಸುಲಕ್ಷಾರನ್ನು ಕೇಳಿದೆ. ಈ ಶಾಲೆಗೆ ವರ್ಗವಾಗಿ ಬಂದ ಮೊದಲ ವಾರ ಯಾರ ಮಾತು ಯಾರಿಗೂ ತಿಳಿಯುತ್ತಿರಲಿಲ್ಲವಂತೆ. ಒಂದು ದಿನ ಒಬ್ಬ ಹುಡುಗ ಅಳುತ್ತ ಕನ್ನಡದಲ್ಲಿ ಏನೋ ಹೇಳಿದ, ಇವರಿಗೆ ಹೊಳೆಯಲಿಲ್ಲ. ಆಗ ಒಂದನೆಯ ಇಯತ್ತೆಯಲ್ಲಿದ್ದ ಭಾಗ್ಯಾ ಎದ್ದುಬಂದು ತನ್ನ ಹೊಟ್ಟೆ ಹಿಂಡಿ, ಮುಖ ಕಿವುಚಿ, ಅವನತ್ತ ಬೆರಳು ಮಾಡಿದಳು. ಹುಡುಗನಿಗೆ ಹೊಟ್ಟೆನೋವು. ಅಂದಿನಿಂದ ಟೀಚರ್ ಅವಳ ಕೈಗಳನ್ನು ಕಲಿಯತೊಡಗಿದರು, ಮಕ್ಕಳು ಟೀಚರನ್ನು ನೋಡಿ ಕಲಿತರು.

"ಇಕಿ ನನ್ನ ಟೀಚರ್" ಎಂದರು ಕನ್ನಡದಲ್ಲಿ, ಭಾಗ್ಯಾಳ ತಲೆ ಮುಟ್ಟಿ.

ಮೀನಾ ಬಂದಾಗ ಒಡಿಯಾ ಬಲ್ಲವರು ಶಾಲೆಯಲ್ಲಿ ಯಾರೂ ಇರಲಿಲ್ಲ. ಅವಳನ್ನು ಮೊದಲು ಮಾತಾಡಿಸಿದವಳು ಭಾಗ್ಯಾ. ಭಾಗ್ಯಾಳ ಕೈಮಾತಿನಲ್ಲಿ ಎಲ್ಲರಿಗೂ ಒಂದೊಂದು ಹೆಸರಿತ್ತು. ಜಾರುವ ಚಡ್ಡಿ ಎಳೆದುಕೊಳ್ಳುವವನು, ಮುಂದಿನ ಹಲ್ಲು ಬಿದ್ದವಳು, ಕನ್ನಡಕ ಏರಿಸುವ ಟೀಚರ್. ಮಧ್ಯಾಹ್ನದೊಳಗೆ ನನಗೂ ಹೆಸರು ಬಿತ್ತು: ಸೆರಗನ್ನು ಸೊಂಟಕ್ಕೆ ಸಿಕ್ಕಿಸುವುದು. ನಾನು ದಿನಕ್ಕೆ ಎಷ್ಟು ಸಲ ಹಾಗೆ ಮಾಡುತ್ತೇನೆಂದು ಅಂದೇ ಗೊತ್ತಾದದ್ದು.

ಸಂಜೆ ನೀಲವ್ವ ಒಲೆಯ ಮುಂದೆಯೇ ನನಗೆ ಮಣೆ ಹಾಕಿದಳು. ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಹಾಕಿ ತಾಟು ನನ್ನ ಮುಂದಿಟ್ಟು, ನನ್ನ ಮುಖ ನೋಡಿ, "ಉಣ್ರಿ" ಎಂದಳಷ್ಟೆ. ಧಾರವಾಡದಿಂದ ಬಾಯಿಪಾಠ ಮಾಡಿಕೊಂಡು ಬಂದ ಮಾತನ್ನು ಬದಿಗಿಟ್ಟು ಉಂಡೆ. ಇಂಥ ಶಾಲೆಯನ್ನು ನಾನು ನೋಡಿರಲಿಲ್ಲ. ಕೇಳುವ ಮಕ್ಕಳ ನಡುವೆ ಕೇಳದ ಹುಡುಗಿಯೊಬ್ಬಳು ಎಲ್ಲರಿಗೂ ಬೇಕಾದವಳಾಗಿದ್ದಳು. ನಮ್ಮ ಶಾಲೆಯ ಮಕ್ಕಳಿಗೆ ಚಂದದ ಭಾಷೆಯಿದೆ, ಗೆಳೆಯರಿದ್ದಾರೆ. ಆದರೆ ಪಕ್ಕದ ಓಣಿಯ ಹುಡುಗರೊಂದಿಗೆ ಅವರು ಒಂದು ಆಟ ಆಡಿದ್ದನ್ನೂ ನಾನು ಕಂಡಿಲ್ಲ.

ಮರುದಿನ ಮತ್ತೆ ಹೋದೆ. ಆ ದಿನ ಸುಲಕ್ಷಾ ಕತೆ ಹೇಳಿದರು. ಮೀನು ಮಾರುವವಳ ಬುಟ್ಟಿಯಿಂದ ಒಂದು ಏಡಿ ತಪ್ಪಿಸಿಕೊಂಡು ಬಸ್ಸು ಹತ್ತುತ್ತದೆ. ಕೈಯಿಂದ ಏಡಿ ಮಾಡಿದರು, ಬುಟ್ಟಿ ಮಾಡಿದರು, ಬಸ್ಸಿನ ಕುಲುಕಾಟ ಮಾಡಿದರು. ಭಾಗ್ಯಾಳ ಕಣ್ಣು ಅರಳಿತು. ಕಂಡಕ್ಟರ್ ಮುಂದೆ ಹೋಗು, ಮುಂದೆ ಹೋಗು ಎಂದು ಗದರುತ್ತಾನೆ. ಅದಕ್ಕೆ ಏಡಿ, "ನಮ್ಮ ಮನೆತನದಾಗ ಯಾರೂ ಮುಂದ ಹೋದೋರಿಲ್ಲ, ಅಡ್ಡ ಹೋಗಲೇನು?" ಎಂದು ಕೇಳುತ್ತದೆ. ಸುಲಕ್ಷಾ ಇದನ್ನು ಮರಾಠಿಯಲ್ಲಿ, ಹಿಂದಿಯಲ್ಲಿ, ತಮ್ಮ ಕನ್ನಡದಲ್ಲಿ ಹೇಳಿದರು. ಇದಕ್ಕೆ ಕೈಯಿರಲಿಲ್ಲ. ಕೋಣೆ ನಗುವಿನಲ್ಲಿ ಮುಳುಗಿತು.

ನಾನು ಭಾಗ್ಯಾಳನ್ನೇ ನೋಡುತ್ತಿದ್ದೆ. ಅವಳು ಮೀನಾಳ ಮುಖ ನೋಡಿದಳು, ಆಚೆಯವನ ಮುಖ ನೋಡಿದಳು, ಆಮೇಲೆ ನಕ್ಕಳು. ಎಲ್ಲರಿಗಿಂತ ಒಂದು ಗಳಿಗೆ ತಡವಾಗಿ, ಎಲ್ಲರಿಗಿಂತ ಜೋರಾಗಿ.

ಆ ನಗು ನನಗೆ ಗೊತ್ತು. ನಮ್ಮಲ್ಲಿಗೆ ತಡವಾಗಿ ಬಂದ ಪ್ರತಿಯೊಂದು ಮಗುವೂ ಅದನ್ನು ಹೊತ್ತೇ ಬಂದಿರುತ್ತದೆ.

ಬಿಡುವಿನಲ್ಲಿ ಗೇರುಮರದ ಕೆಳಗೆ ನನ್ನ ಕಾರ್ಡುಗಳನ್ನು ಅವಳ ಮುಂದೆ ಹರಡಿದೆ. ಹುಡುಗಿಯೊಬ್ಬಳು ಕೊಡ ತುಂಬುತ್ತಾಳೆ, ಎಡವುತ್ತಾಳೆ, ಕೊಡ ಒಡೆಯುತ್ತದೆ, ಅಳುತ್ತಾಳೆ. ಭಾಗ್ಯಾ ಒಂದೊಂದನ್ನೂ ಅದ್ಭುತವಾಗಿ ಆಡಿ ತೋರಿಸಿದಳು. ಎಡವಿದ್ದನ್ನು ನೋಡಿ ನನ್ನ ಕಾಲೇ ನೊಂದಂತಾಯಿತು. ಆಮೇಲೆ ಕಾರ್ಡುಗಳನ್ನು ಮುಚ್ಚಿಟ್ಟೆ. ಈ ಹುಡುಗಿ ಇನ್ನು ಮನೆಗೆ ಹೋದರೆ ಅವಳ ಅವ್ವ ಏನೆನ್ನಬಹುದು ಎಂದು ಕೈಯಲ್ಲಿ ಕೇಳಿದೆ. ಎಷ್ಟು ಬಗೆಯಲ್ಲಿ ಕೇಳಿದರೂ ಅವಳು ಮುಚ್ಚಿದ ಕಾರ್ಡನ್ನೇ ತೋರಿಸಿದಳು. ಚೌತಿ ಹಬ್ಬದಲ್ಲಿ ನೀವು ಏನು ಮಾಡಿದಿರಿ ಎಂದು ಕೇಳಹೊರಟೆ. ಹೋದ ತಿಂಗಳಿನ ಮಾತು. ಆದರೆ 'ಹೋದ' ಎನ್ನುವುದಕ್ಕೆ ಅವಳಲ್ಲಿ ಕೈಯಿರಲಿಲ್ಲ. 'ನಾಳೆ'ಗಿಲ್ಲ, 'ಯಾಕೆ'ಗಿಲ್ಲ, 'ಆಗಿದ್ದರೆ'ಗಿಲ್ಲ. ಕಣ್ಣ ಮುಂದೆ ಇರುವುದನ್ನೆಲ್ಲ ಅವಳು ಹೇಳಬಲ್ಲಳು. ಕಣ್ಣ ಮುಂದೆ ಇಲ್ಲದ್ದನ್ನು ಹೇಳಲು ಅವಳಿಗೆ ಯಾರೂ ದಾರಿ ಕೊಟ್ಟಿರಲಿಲ್ಲ.

ಸುಲಕ್ಷಾ ಜಗಲಿಯಿಂದ ಇದನ್ನು ನೋಡುತ್ತಿದ್ದರು. ಮಕ್ಕಳು ಹೋದ ಮೇಲೆ ಬೋರ್ಡು ಒರೆಸುತ್ತ ನನ್ನತ್ತ ತಿರುಗದೆ ಹೇಳಿದರು: "ನನಗ ಗೊತ್ತೈತಿ. ಅಕಿ ನಗೂದು ತಡ."

ಆಮೇಲೆ ಹಿಂದಿಯಲ್ಲಿ ಬಹಳ ಹೊತ್ತು ಮಾತಾಡಿದರು. ತಮಗೆ ಇಂಥ ಮಕ್ಕಳಿಗೆ ಕಲಿಸುವ ತರಬೇತಿಯಿಲ್ಲ. ಇರುವಷ್ಟು ಕೈಗಳಲ್ಲಿ ಅವಳನ್ನು ಎಲ್ಲಿಯವರೆಗೆ ಒಯ್ಯಬಹುದೆಂದು ರಾತ್ರಿಯೆಲ್ಲ ಯೋಚಿಸಿದ್ದುಂಟು. ಮಕ್ಕಳ ಮುಂದೆ ಅವಳನ್ನು ಎತ್ತಿ ಹಿಡಿದದ್ದು ಸರಿಯೋ, ಅಥವಾ ಕ್ಲಾಸು ನಡೆಯಲೆಂದು ಅವಳನ್ನು ಬಳಸಿಕೊಂಡೆನೋ ಎಂದು ಕೇಳಿದರು. ಎರಡೂ ಇರಬಹುದು ಎಂದೆ. ಅದಕ್ಕೆ ಅವರು ಸಿಟ್ಟಾಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು.

ಅಂದು ಸಂಜೆ ನೀಲವ್ವ ರೊಟ್ಟಿ ಕೊಟ್ಟು ಬರಲು ಹೊರಟಾಗ ನಾನೂ ಜೊತೆಗೆ ಹೋದೆ. ಬರುವಾಗ ಗುಡ್ಡದ ಅಂಚಿನ ಕಟ್ಟೆಯ ಮೇಲೆ ಕೂತೆವು. ಕೆಳಗೆ ಸಮುದ್ರ ತಾಮ್ರದ ಪರಾತದಂತೆ ಹೊಳೆಯುತ್ತಿತ್ತು. ತಡವಾಗಿ ಬರುವ ನಗುವಿನ ವಿಷಯ ಅವಳಿಗೆ ಹೇಳಿದೆ. ಮುಚ್ಚಿಟ್ಟ ಕಾರ್ಡಿನ ವಿಷಯ ಹೇಳಿದೆ. ಅವಳು ಖಾಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿಸಿಕೊಂಡಳು.

"ನಿಮ್ಮ ಸಾಲ್ಯಾಗ ಅಕಿ ಎಲ್ಲಾ ಕಲೀತಾಳ?"

"ಕಲೀತಾಳ. ಜಾಣಿ ಅದಾಳ. ಭಾಳ ಬೇಗ ಕಲೀತಾಳ."

"ಅದ ನನಗ ಅಂಜಿಕಿ." ತಮ್ಮ ಮನೆಗಳ ಸಾಲಿನತ್ತ ಗದ್ದ ಎತ್ತಿದಳು. "ನಮ್ಮ ಬಾಜೂ ಮನಿ ಶಾಂತವ್ವನ ಮಗ ಕೊಂಕಣಿ, ಹಿಂದಿ, ಇಂಗ್ಲಿಷ್ ಎಲ್ಲಾ ಮಾತಾಡ್ತಾನ. ಫೋನಿನ್ಯಾಗ ನಗ್ತಾನ, ಯಾಕ ನಗ್ತಾನ ಅಂತ ಶಾಂತವ್ವಗ ಗೊತ್ತಾಗೂದಿಲ್ಲ. ಅವ್ವಾ, ನಿನಗ ತಿಳಿಯೂದಿಲ್ಲ ಬಿಡು ಅಂತಾನ. ಅಂವಗ ಕಿವಿ ಐತ್ರಿ, ಬಾಯಿ ಐತಿ, ಆದ್ರೂ ಅಂವ ದೂರ ಆದ. ನನ್ನ ಮಗಳ ಹತ್ರ ಇರೂದು ಈ ನಾಕು ಕೈಮಾತು. ಅವು ನಾನ ಹುಟ್ಟಿಸಿದ್ದು. ನೀವು ಹೆತ್ತವ್ವಗ ತಿಳೀಲಾರದ ಮಾತು ಕಲಿಸಿ ಕಳಿಸಿದ್ರ, ಸೂಟಿಗೆ ಬಂದಾಗ ಅಕಿ ಕೂಡ ನಾ ಏನು ಮಾತಾಡ್ಲಿ? ಉಪ್ಪು, ನೀರು ಅಂತ ಕೈ ಮಾಡ್ಲೇನು?"

ರಜೆಯ ಹಿಂದಿನ ದಿನ ನಮ್ಮ ಶಾಲೆಯ ಗೇಟಿನ ಹತ್ತಿರ ನಡೆಯುವುದು ಕಣ್ಣಿಗೆ ಬಂತು. ತಾಯಂದಿರು ಬರುತ್ತಾರೆ, ಗಲ್ಲ ಸವರುತ್ತಾರೆ, ಉಂಡಿ ಕೊಡುತ್ತಾರೆ. ಆಮೇಲೆ ಏನು ಮಾಡುವುದೆಂದು ತಿಳಿಯದೆ ನಿಲ್ಲುತ್ತಾರೆ. ಮಕ್ಕಳು ತಿರುಗಿ ಗೆಳತಿಯರೊಂದಿಗೆ ಕೈ ಬೀಸಿ ಬೀಸಿ ಹರಟುತ್ತಾರೆ. ಅದು ಹಾಗೆಯೇ ಇರುವುದೆಂದು ನಾನು ಒಪ್ಪಿಕೊಂಡುಬಿಟ್ಟಿದ್ದೆ. ಗಾಡಿಯಲ್ಲಿ ಗದಗಿನವಳ ಮಾತಿಗೆ ನಕ್ಕದ್ದೂ ನೆನಪಾಯಿತು. ಅವಳು ತಮಾಷೆ ಮಾಡಿದ್ದಳೆಂದು ಈಗ ಅನ್ನಿಸಲಿಲ್ಲ.

"ನೀಲವ್ವಾ, ಭಾಗ್ಯಾನ್ನ ಯಾರರ ಕೇಳ್ಯಾರೇನು, ಹೋಗ್ತೀಯಾ ಅಂತ?"

"ಹೆಂಗ ಕೇಳೂದ್ರಿ? ಊರು ಕಂಡಿಲ್ಲ, ಸಾಲಿ ಕಂಡಿಲ್ಲ."

ಮನೆಗೆ ಬಂದು ಮೊಬೈಲಿನಲ್ಲಿ ನಮ್ಮ ಶಾಲೆಯ ಒಂದು ವಿಡಿಯೊ ಹಚ್ಚಿ ಭಾಗ್ಯಾಳ ಕೈಗೆ ಕೊಟ್ಟೆ. ಊಟದ ಸಾಲಿನಲ್ಲಿ ಹುಡುಗಿಯರು ಮಾತಾಡುತ್ತಿರುವುದು. ಅವಳು ರಿಬ್ಬನ್ನು ಕಚ್ಚಿಕೊಂಡು ನೋಡಿದಳು. ಮುಗಿದ ಮೇಲೆ ಮತ್ತೆ ಹಚ್ಚಿದಳು. ಅಷ್ಟು ವೇಗದ ಕೈಗಳನ್ನು ಅವಳು ಕಂಡಿರಲಿಲ್ಲ. ಮೂರನೆಯ ಸಲ ಅವಳ ಬೆರಳುಗಳು ತಾವಾಗಿಯೇ ಮಿಸುಕತೊಡಗಿದವು.

ಕಸ್ತೂರಿ ಎಂಬ ನಮ್ಮ ಹಿರಿಯ ವಿದ್ಯಾರ್ಥಿನಿ ರಜೆಗೆ ನವಲಗುಂದದ ತನ್ನ ಮನೆಯಲ್ಲಿದ್ದಳು. ಅವಳಿಗೆ ವಿಡಿಯೊ ಕಾಲ್ ಮಾಡಿದೆ. ಕಸ್ತೂರಿ ಭಾಗ್ಯಾಳನ್ನು ನೋಡಿದ್ದೇ ಖುಷಿಯಾಗಿ ಹತ್ತು ಪ್ರಶ್ನೆ ಕೇಳಿದಳು. ಭಾಗ್ಯಾಳ ಅಂಗೈ ತಲೆಯ ಮೇಲಿಂದ ಹಾರಿತು. ಕಸ್ತೂರಿಗೆ ಅದು ತಿಳಿದುಹೋಯಿತು, ನಿಧಾನ ಮಾಡಿದಳು. ತನ್ನ ಗದ್ದದ ಮಚ್ಚೆಯನ್ನು ಬೆರಳಿಂದ ತಟ್ಟಿ, ಇದು ನಾನು ಎಂದಳು. ನೀನು? ಎಂದು ಕೇಳಿದಳು. ಭಾಗ್ಯಾ ಒಂದು ಕ್ಷಣದಲ್ಲಿ ಆಟ ಹಿಡಿದಳು. ಬಾಗಿಲಲ್ಲಿದ್ದ ಅಪ್ಪನ ಹೆಸರು ಹೇಳಿದಳು, ಅವ್ವನ ಹೆಸರು ಹೇಳಿದಳು, ನನ್ನ ಸೆರಗು ಸಿಕ್ಕಿಸಿದಳು. ಕಸ್ತೂರಿ ಮತ್ತೆ ಕೇಳಿದಳು: ನೀನು? ಭಾಗ್ಯಾಳ ಕೈ ಎದೆಯ ಮೇಲೆ ಬಂದು ನಿಂತಿತು. ಎಲ್ಲರಿಗೂ ಹೆಸರಿಟ್ಟವಳಿಗೆ ಹೆಸರಿರಲಿಲ್ಲ. ಶಾಲೆಯಲ್ಲಾಗಲಿ ಮನೆಯಲ್ಲಾಗಲಿ ಅವಳನ್ನು ಕರೆಯುವುದೆಂದರೆ ಭುಜ ತಟ್ಟುವುದು.

ಮೊಬೈಲು ಮರಳಿ ಕೊಡುವಾಗ ಅವಳ ಮುಖ ಗಂಭೀರವಾಗಿತ್ತು. ನೀಲವ್ವ ಒಲೆಯ ಹತ್ತಿರ ನಿಂತು ಎಲ್ಲವನ್ನೂ ನೋಡಿದ್ದಳು.

ಮರುದಿನ ನಾನು ಹೇಳುವ ಮೊದಲೇ ಭಾಗ್ಯಾ ಕ್ಲಾಸಿನಲ್ಲಿ ಎದ್ದು ನಿಂತು ಕೇಳಿದಳು. ಒಬ್ಬೊಬ್ಬರನ್ನೇ ತೋರಿಸಿ ಅವರ ಹೆಸರು ಹೇಳಿ, ಕೊನೆಗೆ ತನ್ನ ಎದೆ ಮುಟ್ಟಿ ಎರಡೂ ಅಂಗೈ ಚಾಚಿದಳು. ಸುಲಕ್ಷಾ ಮಕ್ಕಳತ್ತ ತಿರುಗಿದರು. ಗದ್ದಲ ಎದ್ದಿತು. ಒಬ್ಬ ಎರಡು ಜಡೆ ತೋರಿಸಿದ. ಅದು ಬಹಳ ಹುಡುಗಿಯರದು ಎಂದು ಬಿಟ್ಟರು. ಇನ್ನೊಬ್ಬ ಕಿವಿ ಮುಚ್ಚಿ ತೋರಿಸಿದ. ಲಮಾಣಿ ಹುಡುಗಿ ಅವನ ಕೈಯನ್ನು ಹೊಡೆದು ಕೆಳಗಿಳಿಸಿದಳು. ಆಗ ಮೀನಾ, ಈವರೆಗೆ ನಾನು ಅವಳ ಬಾಯಿಂದ 'ಲುಣ' ಬಿಟ್ಟು ಬೇರೆ ಶಬ್ದ ಕೇಳಿರಲಿಲ್ಲ, ಬೆರಳನ್ನು ಕೆನ್ನೆಯ ಪಕ್ಕದಲ್ಲಿ ಸುರುಳಿ ತಿರುಗಿಸಿ ತುಟಿಯ ನಡುವೆ ಇಟ್ಟಳು. ರಿಬ್ಬನ್ನು ಕಚ್ಚುವವಳು. ಕೋಣೆಯ ಕೈಗಳೆಲ್ಲ ಅದನ್ನು ಮಾಡಿದವು. ಸುಲಕ್ಷಾ ಮಾಡಿದರು, ನಾನು ಮಾಡಿದೆ. ಭಾಗ್ಯಾ ಬಾಯಲ್ಲಿದ್ದ ರಿಬ್ಬನ್ನನ್ನು ತೆಗೆದು ನೋಡಿದಳು. ಆಮೇಲೆ ನಕ್ಕಳು. ಈ ಸಲ ಅವಳೇ ಮೊದಲು.

ಆ ಸಂಜೆ ಸುಲಕ್ಷಾ ಮನೆಗೆ ಬಂದರು. ಯಮನಪ್ಪ ಚಪ್ಪರದಲ್ಲಿ ಚಾಪೆ ಹಾಸಿದ. ಈಗಲೇ ಕಳಿಸುವುದಲ್ಲ, ಜೂನ್‌ನಲ್ಲಿ ನೋಡೋಣ ಎಂದೆ. ಆದರೆ ಅಲ್ಲಿಯವರೆಗೆ ಸುಮ್ಮನೆ ಕೂರುವಂತಿಲ್ಲ. ವಾರಕ್ಕೊಮ್ಮೆ ವಿಡಿಯೊದಲ್ಲಿ ನಾನು ಭಾಗ್ಯಾಗೆ ಪಾಠ ಹೇಳುತ್ತೇನೆ ಎಂದೆ. ನೀಲವ್ವ ಕೈಯ ಹಿಟ್ಟು ಒರೆಸಿಕೊಂಡು ಬಂದು ಎದುರು ಕೂತಳು.

"ಅಕಿಗೆ ಅಲ್ರಿ. ಮೊದಲ ನನಗ ಕಲಸ್ರಿ. ಅಕಿ ಒಂದು ಕಲಿಯೂದ್ರಾಗ ನಾ ಎರಡು ಕಲೀತೇನಿ. ಜೂನಿನ ತನಕ ನನಗ ಬಂತಂದ್ರ ಕಳಸ್ತೇನಿ. ಬರಲಿಲ್ಲಂದ್ರ ಇಲ್ಲ."

"ಬರತೈತಿ ತಗೋ" ಎಂದ ಯಮನಪ್ಪ.

"ನಿನಗೂ ಬರಬೇಕು" ಎಂದಳು ಅವಳು. ಅವನು ತನ್ನ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡ.

ಸುಲಕ್ಷಾ ತಮ್ಮ ಕನ್ನಡದಲ್ಲಿ, "ನಾನೂ ಕಲೀತೀನಿ. ನೀ ನನ್ನ ಬಾಜೂ ಕೂಡು" ಎಂದರು ನೀಲವ್ವಳಿಗೆ. ಕಲಿಕೆ ಶಾಲೆಯ ಜಗಲಿಯಲ್ಲೇ ನಡೆಯಲಿ, ನಾನು ಕತೆ ಹೇಳಿದ್ದ ಶಾಂತವ್ವನೂ ಬೇಕಾದರೆ ಬರಲಿ, ಅವಳಿಗೆ ತಾವು ಕೊಂಕಣಿ ಹೇಳಿಕೊಡುವುದಾಗಿ ಹೇಳಿದರು. ನೀಲವ್ವ ಇದಕ್ಕೆ ಜೋರಾಗಿ ನಕ್ಕು, ಆಮೇಲೆ ಎದ್ದು ಬಾಜೂ ಮನೆಗೆ ಹೋಗಿ ಶಾಂತವ್ವನನ್ನು ಕರೆದುಕೊಂಡೇ ಬಂದಳು. ಶಾಂತವ್ವ ಬಾಗಿಲಲ್ಲೇ ನಿಂತು, "ಖರೇನ ಕಲಸ್ತೀರಿ?" ಎಂದು ಎರಡು ಸಲ ಕೇಳಿದಳು. ಮೊದಲ ಪಾಠ ಅಂದೇ ಚಪ್ಪರದಲ್ಲಿ ನಡೆಯಿತು: ನಿನ್ನೆ, ಇವತ್ತು, ನಾಳೆ. ಭಾಗ್ಯಾಗೆ ನಾಳೆ ಹಿಡಿಯಲಿಲ್ಲ. ಯಮನಪ್ಪ ಕೈಯನ್ನು ಹಿಂದುಮುಂದು ಮಾಡಿ ಬೈಸಿಕೊಂಡ.

ಮರುದಿನ ನಾನು ಬಸ್ಸಿನಲ್ಲಿ ಮರಳಿದೆ. ವಾಸ್ಕೋ ಸ್ಟ್ಯಾಂಡಿನಿಂದ ಬೆಳಿಗ್ಗೆ ಅನಮೋಡ ಘಟ್ಟದ ಮೇಲೆ ಹುಬ್ಬಳ್ಳಿಗೆ ಹೋಗುವ ಬಸ್ಸಿತ್ತು. ಯಮನಪ್ಪನಿಗೆ ಬಂದರಿನಲ್ಲಿ ಪಾಳಿಯಿತ್ತು; ನೀಲವ್ವ, ಭಾಗ್ಯಾ ಬಿಡಲು ಬಂದರು. ಸೀಟು ಹಿಡಿದು ಕಿಟಕಿಯ ಹತ್ತಿರ ಕೂತೆ. ನೀಲವ್ವ ಕೆಳಗೆ ನಿಂತು ರೊಟ್ಟಿಯ ಗಂಟು ಒಳಗೆ ಕೊಟ್ಟಳು. ಡ್ರೈವರ್ ಹತ್ತಿದ ಮೇಲೆ ಅವಳು ಕಿಟಕಿಯ ಸರಳು ಹಿಡಿದು ಕೇಳಿದಳು:

"ಅಕ್ಕೋರ, ಅವ್ವ ನನಗ ಅನ್ಯಾಯ ಮಾಡ್ಯಾಳ, ದೂರ ಕಳಿಸ್ಯಾಳ ಅಂತ ಅಕಿಗೆ ಮುಂದ ಸಿಟ್ಟು ಬಂದ್ರ ಹೆಂಗ ಹೇಳ್ತಾಳ್ರಿ? ಸಿಟ್ಟಿನ ಕೈ ಯಾವುದು? ಅದು ನನಗ ಮೊದಲ ಗೊತ್ತಿರಬೇಕು."

ಬೆರಳುಗಳನ್ನು ಉಗುರು ಚಾಚಿದಂತೆ ಬಾಗಿಸಿ, ಎದೆಯಿಂದ ಮೇಲಕ್ಕೆ ಕಿತ್ತೆಳೆದಂತೆ ಮಾಡಿ ತೋರಿಸಿದೆ. ಮುಖ ಗಂಟಿಕ್ಕಬೇಕು ಎಂದೆ. ಅವಳು ಮಾಡಿದಳು. ಪಕ್ಕದಲ್ಲಿದ್ದ ಭಾಗ್ಯಾ ತಾಯಿಯ ಮುಖ ಕಂಡು ಗಾಬರಿಯಾಗಿ ಒಂದು ಹೆಜ್ಜೆ ಹಿಂದೆ ಸರಿದಳು, ನನ್ನನ್ನು ನೋಡಿದಳು. ಅಷ್ಟರಲ್ಲಿ ಬಸ್ಸು ಹೊರಟಿತು.

ಕಿಟಕಿಯಿಂದ ಕತ್ತು ಹೊರಗೆ ಹಾಕಿ ನೋಡಿದೆ. ನೀಲವ್ವ ಮಗಳ ಕೈ ಹಿಡಿದು, ಅವಳ ಬೆರಳುಗಳನ್ನು ಒಂದೊಂದಾಗಿ ಬಾಗಿಸಿ, ಅವಳ ಎದೆಯ ಮೇಲಿಟ್ಟು, ಆಮೇಲೆ ತನ್ನತ್ತ ತಿರುಗಿಸಿ ಕಲಿಸುತ್ತಿದ್ದಳು. ನನ್ನ ಮೇಲೆ ಮಾಡು, ನನ್ನ ಮೇಲೆ ಎನ್ನುವಂತೆ. ಬಸ್ಸು ತಿರುವು ತೆಗೆದುಕೊಳ್ಳುವಾಗ ತಾಯಿ ಮಗಳಿಬ್ಬರೂ ಸ್ಟ್ಯಾಂಡಿನ ನಡುವೆ ಎದುರುಬದುರು ನಿಂತು, ಮುಖ ಗಂಟಿಕ್ಕಿ, ಒಬ್ಬರ ಮೇಲೊಬ್ಬರು ಸಿಟ್ಟು ಮಾಡುತ್ತಿದ್ದರು. ಸುತ್ತಲಿನ ಜನ ನಿಂತು ನೋಡುತ್ತಿದ್ದರು.